ಯೋಚನೆ ನಿಲ್ಲಿಸಿ ಎನ್ನಬೇಡಿ, ವಾಪಸ್ ಬನ್ನಿ ಎನ್ನಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ವಿಶ್ವ ಧ್ಯಾನ ದಿನಕ್ಕೆಂದು ನೀವು ತಂದ ವಿಶೇಷ ಪುಟವನ್ನು ಪೂರ್ತಿ ಓದಿದೆ. ಡಿಸೆಂಬರ್ 21 ಧ್ಯಾನದ ದಿನ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2024ರಲ್ಲಿ. ಇನ್ನೂ ಹೊಸದು. ಹೊಸದರಲ್ಲೇ ತಪ್ಪು ಪಾಠ ಕೂತುಬಿಟ್ಟರೆ ಆಮೇಲೆ ಎಬ್ಬಿಸುವುದು ಕಷ್ಟ. ನಿಮ್ಮ ಪುಟದ ನಡುವೆ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು: 'ಹತ್ತು ನಿಮಿಷ ಕಣ್ಣು ಮುಚ್ಚಿ, ಮನಸ್ಸನ್ನು ಖಾಲಿ ಮಾಡಿ, ಒಂದು ಯೋಚನೆಯನ್ನೂ ಒಳಗೆ ಬಿಡಬೇಡಿ.' ಈ ಪತ್ರ ಆ ಸಾಲಿನ ಬಗ್ಗೆ. ಉದ್ದವಾಗಿದೆ, ಗೊತ್ತು. ಕತ್ತರಿ ಹಾಕುವುದಾದರೆ ಮಧ್ಯದಲ್ಲಿ ಹಾಕಿ. ಪತ್ರಿಕೆಯವರು ಸಾಮಾನ್ಯವಾಗಿ ಬಾಲ ಕತ್ತರಿಸುತ್ತಾರೆ, ನನ್ನ ಬೇಡಿಕೆ ಇರುವುದು ಅಲ್ಲೇ.

ನಾನು ಪ್ರೂಫ್ ನೋಡಿ ನಿವೃತ್ತಳಾದವಳು. ಪಠ್ಯಪುಸ್ತಕ, ವಾರ್ಷಿಕ ವರದಿ, ಆಹ್ವಾನ ಪತ್ರಿಕೆ, ಬಂದದ್ದನ್ನೆಲ್ಲ ನೋಡಿದ್ದೇನೆ. ಹಾಗಾಗಿ ನಿಮ್ಮ ಪುಟದಲ್ಲಿ ಒಂದು ಕಡೆ 'ಧ್ಯಾನ' ಹೋಗಿ 'ಧಾನ್ಯ' ಆಗಿದ್ದೂ ಕಣ್ಣಿಗೆ ಬಿತ್ತು. 'ದಿನಕ್ಕೆ ಎರಡು ಸಲ ಧಾನ್ಯ ಮಾಡಿ' ಎಂದು ಅಚ್ಚಾಗಿತ್ತು. ಅದನ್ನು ದೊಡ್ಡದು ಮಾಡುವುದಿಲ್ಲ. ಆ ಕೆಲಸದ ಕಷ್ಟ ನನಗೆ ಗೊತ್ತು.

ಮನಸ್ಸು ಅಲೆಯುವುದರ ಬಗ್ಗೆ ಪ್ರೂಫ್ ನೋಡುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು ಎಂದು ನನ್ನ ನಂಬಿಕೆ. ಕಣ್ಣು ಸಾಲಿನ ಮೇಲೆ ನೆಟ್ಟಗೆ ಓಡುತ್ತಿರುತ್ತದೆ. ಕೈ ಪುಟ ತಿರುಗಿಸುತ್ತದೆ. ನೋಡಿದವರಿಗೆ ಎಂಥ ಶ್ರದ್ಧೆ ಅನ್ನಿಸಬೇಕು. ತಲೆಗೆ ಮಾತ್ರ ಒಂದು ಅಕ್ಷರವೂ ಹೋಗಿರುವುದಿಲ್ಲ. ಎಲ್ಲಿ ತಪ್ಪಿಸಿಕೊಂಡೆವು ಎಂದು ಹುಡುಕಿಕೊಂಡು ಹಿಂದಕ್ಕೆ ಹೋದರೆ ಮೂರು ಪ್ಯಾರಾ ಹಿಂದೆ ಸಿಗುತ್ತದೆ. ಅಲ್ಲಿಂದ ಮತ್ತೆ ಶುರು. ನಮ್ಮ ಕೆಲಸದಲ್ಲಿ ಇದಕ್ಕೆ ಯಾರೂ ನಾಚಿಕೊಳ್ಳುತ್ತಿರಲಿಲ್ಲ. 'ನನ್ನ ಮನಸ್ಸು ಆಚೀಚೆ ಹೋಗುವುದೇ ಇಲ್ಲ' ಎಂದು ಹೇಳುವವರು ನೋಡಿದ ಪ್ರೂಫನ್ನು ಇನ್ನೊಬ್ಬರ ಕೈಲಿ ನೋಡಿಸುತ್ತಿದ್ದೆವು. ಒಳ್ಳೆಯ ಪ್ರೂಫ್ ರೀಡರ್ ಎಂದರೆ ಮನಸ್ಸು ಹೋದದ್ದು ಬೇಗ ಗೊತ್ತಾಗುವವರು. ಮೂರು ಪ್ಯಾರಾ ಆದಮೇಲೆ ಅಲ್ಲ, ಮೂರು ಸಾಲಿಗೇ.

ಮತ್ತೆ ನಮ್ಮ ಉಪಾಯಗಳೆಲ್ಲ ಮೈಗೆ ಸಂಬಂಧಪಟ್ಟವು. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳುವುದು. ಪೆನ್ಸಿಲ್ ತುದಿಯಿಂದ ಒಂದೊಂದೇ ಪದ ಮುಟ್ಟುತ್ತಾ ಹೋಗುವುದು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನಲ್ಲಿ ಹಿಂಬಾಲಿಸುವುದು. ಬರೀ 'ಗಮನ ಇಡು, ಗಮನ ಇಡು' ಎಂದು ಮನಸ್ಸಿಗೆ ಹೇಳಿ ಯಾರೂ ಒಂದು ಪುಟವನ್ನೂ ಸರಿಯಾಗಿ ನೋಡಿದ್ದಿಲ್ಲ. ಬೆರಳಿಗೆ ಕೆಲಸ ಕೊಟ್ಟರೆ ಗಮನ ಅದರ ಹಿಂದೆ ಬರುತ್ತಿತ್ತು.

ಇನ್ನು ನಿಮ್ಮ ಲೇಖನದ ಮಾತು. ಮೊಬೈಲ್ ಬಂದಮೇಲೆ ನಮ್ಮ ಮನಸ್ಸು ಚಂಚಲವಾಯಿತು, ಹಿಂದಿನವರು ನೆಮ್ಮದಿಯಾಗಿದ್ದರು ಎಂದು ಶುರುವಿನಲ್ಲೇ ಬರೆದಿದ್ದಾರೆ. ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ ನನ್ನ ಮನಸ್ಸು, ನಿಂತಲ್ಲಿ ನಿಲ್ಲಗೊಡದು ಎಂದು ಬಸವಣ್ಣ ಹೇಳಿದ್ದು 12ನೇ ಶತಮಾನದಲ್ಲಿ. ಅವರ ಕೈಲಿ ಯಾವ ಮೊಬೈಲ್ ಇತ್ತು? ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನನ ದೂರೂ ಇದೇ: ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ. ಕೃಷ್ಣ 'ಛೇ, ಹಾಗೇನಿಲ್ಲ' ಎನ್ನುವುದಿಲ್ಲ. ಕಷ್ಟ ನಿಜ, ಅಭ್ಯಾಸ ಬೇಕು ಎನ್ನುತ್ತಾನೆ. ಅದೇ ಅಧ್ಯಾಯದ 26ನೇ ಶ್ಲೋಕದಲ್ಲಿ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ಕರೆತರಬೇಕು ಎಂದಿದೆ. ಹೋಗುತ್ತದೆ ಎಂದು ಒಪ್ಪಿಕೊಂಡೇ ಕೊಟ್ಟ ಸೂಚನೆ ಅದು.

ಯೋಗಸೂತ್ರದ ಪತಂಜಲಿ ಚಿತ್ತವೃತ್ತಿಗಳನ್ನು, ಅಂದರೆ ಮನಸ್ಸಿನ ಓಡಾಟವನ್ನು, ನಿಲ್ಲಿಸು ಎಂದಿಲ್ಲವೇ ಎಂದು ನಿಮ್ಮ ಲೇಖಕರು ಕೇಳಬಹುದು. ಅಂದಿದ್ದಾರೆ. ಆದರೆ ಬಹಳ ಕಾಲ, ಬಿಡದೆ, ಆದರದಿಂದ ಅಭ್ಯಾಸ ಮಾಡಿದರೆ ಅದು ಗಟ್ಟಿಯಾಗುತ್ತದೆ ಎಂದೂ ಅವರೇ ಹೇಳಿದ್ದಾರೆ. ಯಾವತ್ತೋ ಒಂದು ದಿನ ತಲುಪಬಹುದಾದ ಜಾಗವನ್ನು ಮೊದಲ ದಿನದ ಪಾಠವಾಗಿ ಅಚ್ಚು ಹಾಕಬಾರದು, ಅಲ್ವಾ?

ಈಚಿನ ವಿಜ್ಞಾನಿಗಳೂ ಅಲೆದಾಟವನ್ನು ಅಳೆದು ನೋಡಿದ್ದಾರೆ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿದರು. ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಖುಷಿಯಾಗಿದ್ದೀರಾ ಎಂದು. 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹೆಚ್ಚುಕಡಿಮೆ ಶೇ 47ರಷ್ಟು ಸಲ ಮನಸ್ಸು ಮಾಡುವ ಕೆಲಸದಲ್ಲಿ ಇರಲಿಲ್ಲ. ಎಚ್ಚರವಿದ್ದ ಹೊತ್ತಿನಲ್ಲಿ ಸುಮಾರು ಅರ್ಧ! ನನಗೆ ಹಿಡಿಸಿದ್ದು ಅದರಲ್ಲಿನ ಇನ್ನೊಂದು ವಿಷಯ. ಮನಸ್ಸು ಸುಖದ ಯೋಚನೆಗೇ ಹೋಗಿದ್ದಾಗಲೂ, ಮಾಡುತ್ತಿರುವ ಕೆಲಸದಲ್ಲೇ ಇದ್ದವರಿಗಿಂತ ಜನ ಜಾಸ್ತಿ ಖುಷಿಯಾಗಿರಲಿಲ್ಲ. ಕೆಟ್ಟ ಯೋಚನೆಗೆ ಹೋಗಿದ್ದಾಗಂತೂ ಖುಷಿ ಇನ್ನೂ ಕಡಿಮೆ.

ಹಾಗಾದರೆ ಅಲೆಯುವುದು ರೋಗವೇ? ಅಲ್ಲ. ಮಿದುಳಿನ ತೂಕ ದೇಹದ ಶೇ 2ರಷ್ಟು, ಆದರೆ ಅದು ಖರ್ಚು ಮಾಡುವ ಶಕ್ತಿ ಸುಮಾರು ಶೇ 20. ಸುಮ್ನೆ ಮಲಗಿದ್ದರೂ ಈ ಖರ್ಚು ಇಳಿಯುವುದಿಲ್ಲ. ಏನೂ ಮಾಡದೆ ಇರುವಾಗ ಮಿದುಳಿನ ಕೆಲವು ಭಾಗಗಳು ಜಾಸ್ತಿಯೇ ಚುರುಕಾಗಿರುತ್ತವೆ ಎಂದು ಮಾರ್ಕಸ್ ರೇಕಲ್ ಮತ್ತು ಜೊತೆಯವರು 2001ರಲ್ಲಿ ತೋರಿಸಿದರು. ನಿನ್ನೆಯದನ್ನು ನೆನೆಯುವುದು, ನಾಳೆಯದನ್ನು ಯೋಜಿಸುವುದು, ಅವರು ನನ್ನ ಬಗ್ಗೆ ಏನಂದುಕೊಂಡರೋ ಎಂದು ಲೆಕ್ಕ ಹಾಕುವುದು, ಇವಕ್ಕೆಲ್ಲ ಈ ಭಾಗಗಳ ಜೊತೆ ನಂಟಿದೆ. ನಮ್ಮ ಎಷ್ಟೋ ಕೆಲಸ ಆಗುವುದೇ ಈ ಅಲೆದಾಟದಿಂದ. ಕಟ್ಟಬೇಕಾದ ಬಿಲ್ಲು ನೆನಪಾಗುವುದು ಧ್ಯಾನಕ್ಕೆ ಕೂತಾಗಲೇ. ನಾನು ಪಕ್ಕದಲ್ಲಿ ಚೀಟಿ, ಪೆನ್ಸಿಲ್ ಇಟ್ಟುಕೊಂಡೇ ಕೂರುತ್ತೇನೆ. ಬರೆದಿಟ್ಟರೆ ಆ ಯೋಚನೆ ಮತ್ತೆ ಬಂದು ಬಾಗಿಲು ತಟ್ಟುವುದಿಲ್ಲ. ಧ್ಯಾನ ಕಲಿಸುವವರು ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಬೇಡ.

'ಯೋಚನೆಯನ್ನು ಒಳಗೆ ಬಿಡಬೇಡಿ' ಎಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಹಳೆಯ ಕತೆಯೇ ಇದೆ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದನಂತೆ ವೈದ್ಯ. ರೋಗಿ ಔಷಧಿ ಕುಡಿದದ್ದೇ ಇಲ್ಲ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1987ರಲ್ಲಿ ಕೋತಿಯ ಬದಲು ಬಿಳಿ ಕರಡಿ ಇಟ್ಟು ಇದೇ ಪರೀಕ್ಷೆ ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ನೆನೆಯಬಹುದು ಎಂದಾಗ, ಮೊದಲು ತಡೆದುಕೊಂಡಿದ್ದವರಿಗೆ ಕರಡಿ ಇನ್ನೂ ಜಾಸ್ತಿ ನೆನಪಾಯಿತು. ತಡೆಯಬೇಕೆಂದರೆ ಬಂತೋ ಬಂತೋ ಎಂದು ಒಳಗೇ ಕಾವಲು ಕಾಯುತ್ತಿರಬೇಕು. ಆ ಕಾವಲೇ ಅದನ್ನು ಕರೆಯುತ್ತದೆ.

ನಿಮ್ಮ ಸಾಲನ್ನು ನನ್ನ ನಾದಿನಿಯೂ ಓದಿದಳು. ಅವತ್ತು ಸಂಜೆಯೇ ಕೂತು ನೋಡಿ ನನಗೆ ಫೋನ್ ಮಾಡಿದಳು.

'ಅತ್ತಿಗೆ, ಇದು ನನ್ನ ಕೈಲಾಗೋ ಕೆಲಸ ಅಲ್ಲ. ಕಣ್ಣು ಮುಚ್ಚಿದ್ದೇ ತಡ, ಇಲ್ಲದ್ದೆಲ್ಲ ತಲೇಲಿ ಓಡುತ್ತೆ. ನೀವು ಅದು ಹೇಗೆ ಅಷ್ಟೊತ್ತು ಸುಮ್ನೆ ಕೂರ್ತೀರೋ!'

ನಾನು ಕೂತಾಗಲೂ ಓಡುತ್ತದೆ ಎಂದೆ. ಅವಳು ನಂಬಲಿಲ್ಲ. ಓಡುತ್ತಿದೆ ಅಂತ ನಿನಗೆ ಗೊತ್ತಾಯಿತಲ್ಲ, ಆಗ ಏನು ಮಾಡಿದೆ ಎಂದು ಕೇಳಿದೆ. 'ಬೈಕೊಂಡೆ' ಅಂದಳು.

ನನ್ನ ಸಿಟ್ಟು ಇರುವುದು ಇಲ್ಲಿ. ಗೊತ್ತಾದ ಆ ಕ್ಷಣವೇ ಧ್ಯಾನದ ತಿರುಳು. ಆ ಕ್ಷಣದಲ್ಲಿ ನಿಮ್ಮ ಸಾಲು ಓದಿದವರು ತಮ್ಮನ್ನೇ ಬೈದುಕೊಂಡು ಎದ್ದು ಹೋಗುತ್ತಾರೆ. ವೆಂಡಿ ಹ್ಯಾಸೆನ್‌ಕ್ಯಾಂಪ್ ಮತ್ತು ಜೊತೆಯವರು ಧ್ಯಾನ ರೂಢಿಯಿದ್ದ 14 ಮಂದಿಯನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಉಸಿರಿನ ಮೇಲೆ ಗಮನ ಇಡಲು ಹೇಳಿದರು. 20 ನಿಮಿಷ. ಮನಸ್ಸು ಹೋಗಿದೆ ಎಂದು ಗೊತ್ತಾದಾಗಲೆಲ್ಲ ಒಂದು ಗುಂಡಿ ಒತ್ತಬೇಕು. 2012ರಲ್ಲಿ ಅದರ ವರದಿ ಬಂತು. ಮನಸ್ಸು ಹೋಗುವುದು, ಹೋದದ್ದು ಗೊತ್ತಾಗುವುದು, ತಿರುಗುವುದು, ಉಸಿರಿನಲ್ಲಿ ನಿಲ್ಲುವುದು, ಹೀಗೆ ಒಂದು ಸುತ್ತು. ಒಂದೊಂದು ಹಂತದಲ್ಲಿ ಮಿದುಳಿನ ಬೇರೆ ಬೇರೆ ಭಾಗ ಚುರುಕಾಗುವುದು ಕಂಡಿತು. ಮನಸ್ಸು ಹೋಗುವುದೇ ಇಲ್ಲ ಎನ್ನುವವರನ್ನು ಹುಡುಕಿಕೊಂಡು ಅವರು ಹೋಗಲಿಲ್ಲ. ಹೋಗಿ ಬರುವುದನ್ನೇ ಅಧ್ಯಯನ ಮಾಡಿದರು.

ವಾಪಸ್ ಬರುವುದು ಎಲ್ಲಿಗೆ? ನಿಮ್ಮ ಪುಟದಲ್ಲಿ ಇದರ ಬಗ್ಗೆ ಮಾತೇ ಇರಲಿಲ್ಲ. ಬರಲು ಒಂದು ಜಾಗ ಬೇಕು. ಆ ಜಾಗ ಮೈ.

ಯೋಚನೆ ಹತ್ತು ವರ್ಷ ಹಿಂದಕ್ಕೂ ಹೋಗಬಲ್ಲದು, ಮುಂದಿನ ತಿಂಗಳಿಗೂ ಹೋಗಬಲ್ಲದು. ಅಂಗಾಲಿಗೆ ಹಾಗೆ ಹೋಗಲು ಬರುವುದಿಲ್ಲ. ನೆಲದ ತಂಪು ಅದಕ್ಕೆ ತಾಕುವುದು ಈಗ ಮಾತ್ರ. ಇದನ್ನು ಓದುತ್ತಿರುವವರು ಈಗಲೇ ನೋಡಬಹುದು. ಪತ್ರಿಕೆ ಹಿಡಿದ ಹೆಬ್ಬೆರಳಿಗೆ ಕಾಗದದ ಒರಟು ಗೊತ್ತಾಗುತ್ತದೆ. ಫೋನಿನಲ್ಲಿ ಓದುತ್ತಿದ್ದರೆ ಗಾಜಿನ ನುಣುಪು. ಬೆರಳು ಎಷ್ಟು ಬಿಗಿಯಾಗಿ ಒತ್ತಿ ಹಿಡಿದಿದೆ ಎಂಬುದೂ ಗೊತ್ತಾಗುತ್ತದೆ. ಅಷ್ಟು ಬಿಗಿ ಬೇಕಿರಲಿಲ್ಲ ಎಂದು ಬಹಳ ಜನಕ್ಕೆ ಅನ್ನಿಸೀತು.

ಶುರು ಮಾಡುವವರಿಗೆ ನಾನು ಹೇಳುವುದು ಕೈ, ತುಟಿ, ಅಂಗಾಲು. ಅದಕ್ಕೆ ಕಾರಣವೂ ಇದೆ. ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಎಚ್ಚರವಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ಮೈಯ ಯಾವ ಭಾಗಕ್ಕೆ ಮಿದುಳಿನಲ್ಲಿ ಎಷ್ಟು ಜಾಗ ಎಂದು ನಕ್ಷೆ ಮಾಡಿದರು. 1937ರ ಮಾತು. ಬೆರಳು, ತುಟಿ, ನಾಲಿಗೆಗೆ ಹೇರಳ ಜಾಗ. ಅಷ್ಟಗಲದ ಬೆನ್ನಿಗೆ ಚೂರೇ ಚೂರು. ಆದ್ದರಿಂದ ಬೆನ್ನಿನ ಮೇಲೆ ಗಮನ ಇಟ್ಟರೆ ಏನೂ ಗೊತ್ತಾಗಲಿಲ್ಲ ಎಂದು ಬೇಜಾರಾಗಬೇಕಿಲ್ಲ. ಅಲ್ಲಿಂದ ಬರುವ ಸುದ್ದಿಯೇ ಕಡಿಮೆ. ಬಟ್ಟೆ ಎಲ್ಲಿ ತಾಕಿದೆ, ಕುರ್ಚಿ ಎಲ್ಲಿ ತಾಕಿದೆ ಎಂದು ನೋಡಿದರೆ ಸ್ವಲ್ಪ ಸಿಗುತ್ತದೆ. ಏನೂ ಸಿಗದಿದ್ದರೆ 'ಇಲ್ಲಿ ಏನೂ ಗೊತ್ತಾಗುತ್ತಿಲ್ಲ' ಎಂದು ತಿಳಿದು ಮುಂದೆ ಹೋಗುವುದು.

ಜಾನ್ ಕಬಟ್ ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಧ್ಯಾನದ ತರಗತಿ ಶುರು ಮಾಡಿದಾಗ ಬಂದವರಲ್ಲಿ ಬಹಳ ಮಂದಿ ವಾಸಿಯಾಗದ ನೋವಿನವರು. ಅವರಿಗೆ ಮೊದಲು ಕೊಟ್ಟ ಪಾಠ ಹೀಗೆ ಮೈಯನ್ನು ಒಂದೊಂದೇ ಭಾಗವಾಗಿ ನೋಡಿಕೊಂಡು ಹೋಗುವುದು. ಅಂಗಾತ ಮಲಗಿ, ಎಡಗಾಲಿನ ಬೆರಳಿನಿಂದ ಹೊರಟು ನೆತ್ತಿಯವರೆಗೆ, ಸುಮಾರು 45 ನಿಮಿಷ. ಅಷ್ಟು ಹೊತ್ತು ಎಲ್ಲರಿಗೂ ಆಗದು. ನನಗೂ ಮಲಗಿ ಮಾಡಿದರೆ ಮೊಣಕಾಲಿಗೆ ಬರುವಷ್ಟರಲ್ಲಿ ನಿದ್ದೆ. ನಿದ್ದೆ ಬಂದರೆ ಕಣ್ಣು ಬಿಟ್ಟುಕೊಂಡು ಕೂತು ಮಾಡಬಹುದು, ನಿಂತೂ ಮಾಡಬಹುದು. ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ ಎಂದು ಬುದ್ಧನ ಉಪದೇಶದಲ್ಲಿ ನಾಲ್ಕನ್ನೂ ಹೇಳಿದೆ. ನಾವು ಕೂರುವುದನ್ನಷ್ಟೇ ಹಿಡಿದುಕೊಂಡೆವು.

ಮೈ ನೋಡುವುದು ಎಂದರೆ ಮೈ ಬಗ್ಗೆ ಯೋಚಿಸುವುದಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ಜನ ಎಡವುತ್ತಾರೆ. ಮೊಣಕಾಲಿನಲ್ಲಿ ನೋವಿದೆ ಅಂದುಕೊಳ್ಳಿ. 'ಹೋದ ವರ್ಷ ಇಷ್ಟಿರಲಿಲ್ಲ, ಇನ್ನು ಮೆಟ್ಟಿಲು ಹತ್ತಲಾಗದು, ಆಪರೇಷನ್ ಎನ್ನುತ್ತಾರೋ ಏನೋ' ಎಂದು ಶುರುವಾದರೆ ಅದು ಯೋಚನೆ. ಮೊಣಕಾಲಿನ ಹೆಸರು ಹೇಳಿಕೊಂಡು ಮನಸ್ಸು ಮುಂದಿನ ವರ್ಷಕ್ಕೆ ಹೋಗಿದೆ. ಸೆಳೆತವಾ, ಬಿಸಿಯಾ, ಮಿಡಿತವಾ, ಚಿಪ್ಪಿನ ಮುಂದೋ ಹಿಂದೋ, ಒಂದೇ ಸಮ ಇದೆಯಾ ಬಂದು ಹೋಗುತ್ತಿದೆಯಾ ಎಂದು ನೋಡಿದರೆ ಅದು ಮೈ. ನೋವು ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನನ್ನದು ಹೋಗಿಲ್ಲ. ನೋವಿನ ಮೇಲೆ ಏರಿ ಕೂತ ಹೆದರಿಕೆ ಬೇರೆ, ನೋವು ಬೇರೆ ಎಂದು ಕಾಣತೊಡಗಿದರೆ ಅಷ್ಟು ಭಾರ ಇಳಿಯುತ್ತದೆ.

ತುರಿಕೆಯೂ ಒಳ್ಳೆಯ ಪಾಠ. ಮೂಗಿನ ತುದಿಯಲ್ಲಿ ಶುರುವಾಗುತ್ತದೆ, ಏರುತ್ತದೆ, ಇನ್ನು ತಡೆಯಲಾರೆ ಅನ್ನಿಸುತ್ತದೆ, ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಕೆರೆದುಕೊಳ್ಳಿ, ಪಾಪವೇನೂ ಬರುವುದಿಲ್ಲ. ಕೈ ಏಳುವುದು, ಉಗುರು ತಾಕುವುದು, ಹಾಯೆನಿಸುವುದು, ಅದನ್ನೂ ನೋಡಬಹುದು. ಕಾಲು ಜೋಮು ಹಿಡಿಯುವುದು ಮಾತ್ರ ಬೇರೆ. ಅದು ನರದ ಮೇಲೆ ಒತ್ತಡ ಬಿದ್ದದ್ದಕ್ಕೆ ಮೈ ಹೇಳುವ ಮಾತು. ಹಲ್ಲು ಕಚ್ಚಿ ಕೂರುವುದು ಸಾಧನೆಯಲ್ಲ. ಕಾಲು ಚಾಚಿ.

ಹಲ್ಲು ಅಂದಾಗ ನೆನಪಾಯಿತು. ನನ್ನ ನಾದಿನಿಗೆ ಬೈಯುವುದು ಬಿಟ್ಟು ದವಡೆ ನೋಡು ಎಂದೆ. ಮರುದಿನ ಫೋನ್ ಬಂತು. 'ಅತ್ತಿಗೆ, ನಾನು ಇಡೀ ದಿನ ಹಲ್ಲು ಕಚ್ಚಿಕೊಂಡೇ ಇರ್ತೀನಿ ಕಣ್ರೀ. ನಾಲಿಗೆ ಅಂತೂ ಅಂಗುಳಕ್ಕೆ ಒತ್ತಿಕೊಂಡಿರುತ್ತೆ. ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ!' ಅವಳಿಗೆ ಈಗ ದವಡೆಯೇ ಗುರುತು. ದವಡೆ ಬಿಗಿದಿದೆ ಎಂದರೆ ಮನಸ್ಸು ಎಲ್ಲೋ ಜಗಳಕ್ಕೆ ಹೋಗಿದೆ ಎಂದು ಲೆಕ್ಕ. ಎಷ್ಟೋ ಸಲ ಯೋಚನೆ ಅರಿವಿಗೆ ಬರುವ ಮೊದಲೇ ಮೈ ಹೇಳಿಬಿಟ್ಟಿರುತ್ತದೆ. ಪ್ರೂಫ್ ನೋಡುವವರಿಗೆ ಹುಬ್ಬುಗಳ ನಡುವೆ, ಕತ್ತಿನ ಹಿಂದೆ. ಕೆಲವರಿಗೆ ಹೊಟ್ಟೆ. ಕೆಲವರು ಭುಜವನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡೇ ಬದುಕುತ್ತಾರೆ.

ಉಸಿರಿನ ವಿಷಯ ಬೇಕೆಂದೇ ಹಿಂದಕ್ಕೆ ಇಟ್ಟೆ. ಎಲ್ಲರೂ ಮೊದಲು ಹೇಳುವುದು ಉಸಿರು. ಬಹಳ ಜನಕ್ಕೆ ಅದು ಸರಿಯೇ. ಉಸಿರು ಒಳಗೆ ಬರುವಾಗ ಹೃದಯದ ಬಡಿತ ಒಂಚೂರು ಏರುತ್ತದೆ, ಹೊರಗೆ ಹೋಗುವಾಗ ಇಳಿಯುತ್ತದೆ. ನಿಧಾನವಾಗಿ, ಉದ್ದಕ್ಕೆ ಉಸಿರು ಬಿಟ್ಟರೆ ಹಗುರಾಗುವುದಕ್ಕೂ ಇದಕ್ಕೂ ಸಂಬಂಧವಿದೆ. ಆದರೆ ಕೆಲವರಿಗೆ ಉಸಿರನ್ನು ನೋಡಹೊರಟರೆ ಉಸಿರೇ ಕಟ್ಟಿದಂತಾಗುತ್ತದೆ. ತಾನಾಗಿ ಆಗುತ್ತಿದ್ದ ಕೆಲಸವನ್ನು ತಾವೇ ನಡೆಸತೊಡಗುತ್ತಾರೆ. ಎದೆ ಬಿಗಿಯುತ್ತದೆ, ಗಾಬರಿಯಾಗುತ್ತದೆ. ನಾದಿನಿಗೂ ಹಾಗೇ ಆಯಿತು. ಅಂಥವರು ಉಸಿರನ್ನು ನೋಡುವುದು ಬಿಟ್ಟು ಅಂಗಾಲಿಗೆ ಹೋಗಬೇಕು, ಅಥವಾ ಹೊರಗಿನ ಸದ್ದಿಗೆ. ಫ್ಯಾನಿನ ಸದ್ದು ಸಾಕು. ಕಣ್ಣು ಮುಚ್ಚಲೇಬೇಕು ಎಂಬ ಕಾನೂನೂ ಇಲ್ಲ.

ಈಗ ನಿಮ್ಮ ಪುಟದ ಬಲಗಡೆಯ ಚೌಕಟ್ಟಿಗೆ ಬರುತ್ತೇನೆ. ಧ್ಯಾನದಿಂದ ತೂಕ ಇಳಿಯುತ್ತದೆ, ನಿದ್ದೆ ಬರುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ, ಮಾತ್ರೆ ಬೇಕಾಗುವುದಿಲ್ಲ ಎಂದೆಲ್ಲ ಅದರಲ್ಲಿತ್ತು. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ ಇಂಟರ್ನಲ್ ಮೆಡಿಸಿನ್' ಒಂದು ದೊಡ್ಡ ಪರಿಶೀಲನೆ ಪ್ರಕಟಿಸಿತು. 47 ಪ್ರಯೋಗಗಳು, 3,515 ಜನ. ಆತಂಕ, ಖಿನ್ನತೆ, ನೋವು, ಈ ಮೂರರಲ್ಲಿ ಸಾಧಾರಣ ಮಟ್ಟದ ಪುರಾವೆ ಸಿಕ್ಕಿತು. ಗಮನಶಕ್ತಿ, ನಿದ್ದೆ, ತೂಕದ ವಿಷಯದಲ್ಲಿ ಪುರಾವೆ ಸಾಲದು ಅಥವಾ ಪರಿಣಾಮ ಕಾಣಲಿಲ್ಲ. ಔಷಧಿ, ವ್ಯಾಯಾಮದಂಥವಕ್ಕಿಂತ ಧ್ಯಾನ ಮೇಲು ಎನ್ನಲೂ ಪುರಾವೆ ಸಿಗಲಿಲ್ಲ. ಇದರಿಂದ ನನಗೇನೂ ಬೇಜಾರಿಲ್ಲ. ಖರ್ಚಿಲ್ಲದೆ ಕೂತಲ್ಲೇ ಆತಂಕ ಸ್ವಲ್ಪ ಇಳಿಯುತ್ತದೆ ಎಂದರೆ ಅದೇನು ಕಡಿಮೆಯೇ? ಇರುವುದನ್ನು ಇರುವಷ್ಟೇ ಬರೆದರೆ ಸಾಕಿತ್ತು.

'ಮಾತ್ರೆ ಬೇಕಾಗುವುದಿಲ್ಲ' ಎಂಬುದನ್ನಂತೂ ನೀವು ಅಚ್ಚಿಗೆ ಬಿಡಬಾರದಿತ್ತು. ಕಾಗುಣಿತದ ತಪ್ಪು ಓದುಗರನ್ನು ನಗಿಸುತ್ತದೆ. ಈ ತಪ್ಪು ಯಾರದೋ ಮನೆಯ ಮಾತ್ರೆ ಡಬ್ಬಿಯನ್ನು ಮೂಲೆಗೆ ತಳ್ಳುತ್ತದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2004ರಲ್ಲೇ ಇಂಥ ಅಭ್ಯಾಸ ಸೇರಿಸಿದ ಚಿಕಿತ್ಸೆಯನ್ನು ಖಿನ್ನತೆಗೆ ಶಿಫಾರಸು ಮಾಡಿತ್ತು, ನಿಜ. ಅದು ಯಾರಿಗೆ? ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದು ಈಗ ಚೇತರಿಸಿಕೊಂಡಿರುವವರಿಗೆ, ಮತ್ತೆ ಬರದಿರಲಿ ಎಂದು. ಖಿನ್ನತೆಯ ಆಳದಲ್ಲಿ ಇರುವವರನ್ನು ಒಂಟಿಯಾಗಿ ಕಣ್ಣು ಮುಚ್ಚಿ ಕೂರಿಸಿ ಎಂದು ಅದರ ಅರ್ಥವಲ್ಲ. ಹಿಂದೆ ದೊಡ್ಡ ಆಘಾತ ಆದವರಿಗೆ ಮೈಯೊಳಗೆ ಗಮನ ಹರಿಸಿದಾಗ ಆ ನೆನಪೇ ಎದ್ದು ಬರಬಹುದು. ಧ್ಯಾನ ಮಾಡುವವರಿಗೆ ಹೆದರಿಕೆ, ನಿದ್ದೆಗೇಡು, ತಾನು ತನ್ನವನಲ್ಲ ಎಂಬಂಥ ಅನುಭವ ಆದದ್ದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ವಿವರವಾಗಿ ಬರೆದಿದ್ದಾರೆ. ಎಲ್ಲರಿಗೂ ಆಗುತ್ತದೆ ಎಂದಲ್ಲ. ಆದರೆ ಆದವರು 'ನಾನು ಸರಿಯಾಗಿ ಮಾಡುತ್ತಿಲ್ಲ' ಎಂದುಕೊಂಡು ಇನ್ನೂ ಜಾಸ್ತಿ ಹೊತ್ತು ಕೂತರೆ ಕಷ್ಟ. ನಿಲ್ಲಿಸಿ, ಕಣ್ಣು ಬಿಡಿ, ಎದ್ದು ಓಡಾಡಿ, ವೈದ್ಯರಿಗೆ ಹೇಳಿ ಎಂದು ಒಂದು ಸಾಲು ಹಾಕಲು ಎಷ್ಟು ಜಾಗ ಬೇಕು?

ಸಂಪಾದಕರೇ, ಮುಂದಿನ ಡಿಸೆಂಬರ್‌ಗೆ ಮತ್ತೆ ಪುಟ ತರುತ್ತೀರಿ. ತನ್ನಿ. ಆ ದಪ್ಪ ಅಕ್ಷರದ ಸಾಲಿನ ಜಾಗದಲ್ಲಿ 'ಮನಸ್ಸು ಹೋಗುತ್ತದೆ. ಹೋದದ್ದು ಗೊತ್ತಾದಾಗ ಅಂಗಾಲಿಗೆ ವಾಪಸ್ ಬನ್ನಿ. ಮತ್ತೆ ಹೋಗುತ್ತದೆ. ಮತ್ತೆ ಬನ್ನಿ' ಎಂದು ಹಾಕಿ. ಹೊಸ ಸಾಲು ಹಳೆಯದಕ್ಕಿಂತ ತುಸು ಉದ್ದ. ಫೋಟೋವನ್ನು ಒಂದಿಷ್ಟು ಕುಗ್ಗಿಸಿದರೆ ಜಾಗ ಸಿಗುತ್ತದೆ. ಚೌಕಟ್ಟಿನಲ್ಲಿ ಲಾಭಗಳ ಪಟ್ಟಿಯ ಬದಲು ಯಾರು ಜೋಪಾನವಾಗಿರಬೇಕು ಎಂಬುದನ್ನು ಹಾಕಿ. ಅದನ್ನು ಒಬ್ಬ ಮನೋವೈದ್ಯರ ಕೈಲಿ ಓದಿಸಿ. ಪ್ರೂಫ್ ಬೇಕಾದರೆ ನಾನು ನೋಡಿಕೊಡುತ್ತೇನೆ, ಕಾಸು ಬೇಡ.

ಕುಗ್ಗಿಸಿ ಎಂದೆನಲ್ಲ, ಆ ಫೋಟೋವನ್ನೇ ಬದಲಾಯಿಸಿದರೆ ಇನ್ನೂ ಒಳ್ಳೆಯದು. ಬೆಟ್ಟದ ತುದಿ, ಮುಳುಗುವ ಸೂರ್ಯ, ಬಿಳಿ ಬಟ್ಟೆಯಲ್ಲಿ ಪದ್ಮಾಸನ ಹಾಕಿದ ತೆಳ್ಳಗಿನ ಹುಡುಗಿ. ಅದನ್ನು ನೋಡಿದರೆ ಮೊಣಕಾಲು ಮಡಿಸಲಾಗದ ನನ್ನ ವಯಸ್ಸಿನವರು ಪುಟ ತಿರುಗಿಸಿಬಿಡುತ್ತಾರೆ. ಕುರ್ಚಿಯ ಮೇಲೆ ಎರಡೂ ಪಾದ ನೆಲಕ್ಕೆ ಊರಿ, ಕಣ್ಣು ಅರೆ ತೆರೆದು ಕೂತ ಸಾಮಾನ್ಯ ಮನುಷ್ಯರ ಫೋಟೋ ಹಾಕಿ. ಅಂಥದ್ದು ನಿಮ್ಮ ಸಂಗ್ರಹದಲ್ಲಿ ಇಲ್ಲದಿದ್ದರೆ ಹೇಳಿ. ನಾದಿನಿ ಒಪ್ಪಿದ್ದಾಳೆ. ಹಲ್ಲು ಕಚ್ಚಿಕೊಂಡಿರುವಾಗ ಮಾತ್ರ ತೆಗೆಯಬಾರದಂತೆ.

ಇಂತಿ ನಮಸ್ಕಾರಗಳು,
ನಿಮ್ಮ ಹಳೆಯ ಓದುಗರಲ್ಲೊಬ್ಬಳು, ನಿವೃತ್ತ ಪ್ರೂಫ್ ರೀಡರ್